ಫಾಲ್ಸ್ ಸೀಲಿಂಗಿನ ಮೇಲಿನ ಇಲಿ: ಕತಾರಿನ ಮನೆಗಳಿಗೊಂದು ಕೈಪಿಡಿ

ಕತಾರಿನ ಮನೆಗಳಿಗೆ ನಾವು ಬಲ್ಲ ಅರ್ಥದ ಅಟ್ಟವಿಲ್ಲ. ಮಲೆನಾಡಿನ ಹಂಚಿನ ಮನೆಯ ಅಟ್ಟವೆಂದರೆ ತೆಂಗಿನಕಾಯಿಯ ರಾಶಿ, ಅಡಿಕೆಯ ಗೋಣಿ, ಬಳಕೆ ತಪ್ಪಿದ ತಾಮ್ರದ ಹಂಡೆ, ಕೆಳಗಿನ ಒಲೆಯಿಂದ ಏರಿ ಬರುವ ಹೊಗೆ ಮತ್ತು ಆ ಹೊಗೆಗೂ ಜಗ್ಗದ ಇಲಿ. ವರ್ಷಕ್ಕೆ ಸುಮಾರು 75 ಮಿಲಿಮೀಟರ್ ಮಳೆ ಬೀಳುವ ದೋಹಾದಲ್ಲಿ ಇಳಿಜಾರು ಮಾಡಿನ ಅಗತ್ಯವೇ ಬಿದ್ದಿಲ್ಲ. ವಿಲ್ಲಾಗಳಾಗಲಿ ಬಹುಮಹಡಿ ಕಟ್ಟಡಗಳಾಗಲಿ, ಮೇಲೆ ಚಪ್ಪಟೆಯಾದ ಕಾಂಕ್ರೀಟ್ ತಾರಸಿ, ತಾರಸಿಯ ಮೇಲೆ ನೀರಿನ ಟ್ಯಾಂಕು, ಏಸಿಯ ಹೊರಘಟಕ, ಡಿಶ್ ಆಂಟೆನಾ. ಆದರೆ ಆ ಕಾಂಕ್ರೀಟಿನ ಕೆಳಗೆ ಒಂದೆರಡು ಅಡಿ ಬಿಟ್ಟು ಜಿಪ್ಸಂ ಹಲಗೆಯ ಇನ್ನೊಂದು ಚಾವಣಿಯನ್ನು ತೂಗುಹಾಕಿರುತ್ತಾರೆ. ಏಸಿಯ ಕೊಳವೆ, ವಿದ್ಯುತ್ ತಂತಿ, ನೀರಿನ ಪೈಪು ಎಲ್ಲವೂ ಆ ಎರಡು ಚಾವಣಿಗಳ ನಡುವಿನ ಕತ್ತಲೆಯಲ್ಲಿ ಓಡುತ್ತವೆ. ಇದೇ ಇಲ್ಲಿನ ಅಟ್ಟ. ನಾವು ಹತ್ತಿ ನೋಡದ, ಗುಡಿಸದ, ದೀಪ ಹಾಕದ ಅಟ್ಟ.

ಕಟ್ಟಡಗಳ ನಿರ್ವಹಣೆಯ ಕೆಲಸದಲ್ಲಿ ಹಲವು ವರ್ಷಗಳನ್ನು ಇಲ್ಲಿ ಕಳೆದಿರುವ ಕಾರಣ, ಪರಿಚಯದ ಕನ್ನಡ ಕುಟುಂಬಗಳು ಈ ವಿಷಯಕ್ಕಾಗಿ ನನ್ನನ್ನು ಕೇಳುವುದುಂಟು. ನಡುರಾತ್ರಿ ಮಲಗುವ ಕೋಣೆಯ ಮೇಲೆ ಪರಪರ ಸದ್ದು, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓಟ, ಬೆಳಗ್ಗೆ ಅಡುಗೆಮನೆಯ ಕಟ್ಟೆಯ ಮೇಲೆ ನಾಲ್ಕು ಹಿಕ್ಕೆ. ಮರುದಿನ ಬರುವ ಪ್ರಶ್ನೆ ಬಹುಪಾಲು ಒಂದೇ: "ಯಾವ ಪಾಷಾಣ ಇಡಬೇಕು, ಸಾರ್?" ಅದಕ್ಕೆ ನನ್ನ ಉತ್ತರವೂ ಒಂದೇ: ಪಾಷಾಣ ಬೇಡ, ಮೊದಲು ತೂತು ಹುಡುಕಿ. ಇದು ಜೀವದಯೆಯ ಮಾತಷ್ಟೇ ಅಲ್ಲ. ಈ ದೇಶದ ಮನೆಗಳ ರಚನೆಯಲ್ಲಿ, ಫಾಲ್ಸ್ ಸೀಲಿಂಗಿನ ಮೇಲೆ ವಿಷವಿಡುವುದು ಇಲಿಗಿಂತ ಹೆಚ್ಚಾಗಿ ಕೆಳಗೆ ಮಲಗಿದವರಿಗೆ ಅಪಾಯ. ಅದೇಕೆ, ಅದರ ಬದಲಿಗೆ ಏನು ಮಾಡಬೇಕು ಎಂಬುದೇ ಈ ಬರಹದ ವಿಷಯ.

ಯಾವ ಇಲಿ?

ಕನ್ನಡಕ್ಕೆ ಇಲಿ, ಸುಂಡಿಲಿ, ಹೆಗ್ಗಣ ಎಂಬ ಬೇರೆಬೇರೆ ಹೆಸರುಗಳಿರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸೀಲಿಂಗಿನ ಮೇಲೆ ಓಡುವುದು ಸಾಮಾನ್ಯವಾಗಿ ಕಪ್ಪು ಇಲಿ; ವಿಜ್ಞಾನದಲ್ಲಿ ರಾಟಸ್ ರಾಟಸ್. ಮೈ ತೆಳು, ಕಿವಿ ದೊಡ್ಡದು, ಬಾಲ ಮೈಗಿಂತ ಉದ್ದ. ಹತ್ತುವುದರಲ್ಲಿ ನಿಪುಣ, ತಂತಿಯ ಮೇಲೆ ನಡೆಯಬಲ್ಲದು, ಸುಮಾರು ಒಂದು ಮೀಟರ್ ದೂರ ಹಾರಬಲ್ಲದು. ಇದರ ಹಿಕ್ಕೆ ಸುಮಾರು 12 ಮಿಲಿಮೀಟರ್ ಉದ್ದ, ಎರಡೂ ತುದಿ ಚೂಪು. ಇದಕ್ಕೆ ಪ್ರತಿಯಾಗಿ ಕಂದು ಇಲಿ, ಅಂದರೆ ರಾಟಸ್ ನಾರ್ವೆಜಿಕಸ್, ದಪ್ಪ ಮೈಯ, ಗಿಡ್ಡ ಬಾಲದ, ನೆಲದಲ್ಲಿ ಬಿಲ ತೋಡುವ, ಚರಂಡಿಯಲ್ಲಿ ಈಜುವ ಪ್ರಾಣಿ. ಇದರ ಹಿಕ್ಕೆ 18ರಿಂದ 20 ಮಿಲಿಮೀಟರ್, ತುದಿ ಮೊಂಡು. ಹೆಸರಿನಲ್ಲಿ ನಾರ್ವೆ ಇದ್ದರೂ ಅದರ ಮೂಲ ಪೂರ್ವ ಏಷ್ಯಾ. ಮೂರನೆಯದು ನಾವು ಸುಂಡಿಲಿ ಎನ್ನುವ ಚಿಕ್ಕ ಮನೆ ಇಲಿ. ಅದರ ಹಿಕ್ಕೆ ಅಕ್ಕಿಕಾಳಿಗಿಂತ ಚಿಕ್ಕದು. ಹಿಕ್ಕೆಯನ್ನು ಅಳತೆಪಟ್ಟಿಯ ಪಕ್ಕದಲ್ಲಿಟ್ಟು ಒಂದು ಫೋಟೋ ತೆಗೆದುಕೊಳ್ಳಿ. ಮೇಲಿನಿಂದ ಬಂದಿದೆಯೋ ಚರಂಡಿಯಿಂದ ಬಂದಿದೆಯೋ ಎಂಬ ಅರ್ಧ ಉತ್ತರ ಅದರಲ್ಲೇ ಸಿಗುತ್ತದೆ.

ಕಪ್ಪು ಇಲಿಯ ತವರು ಭಾರತ ಉಪಖಂಡವೆಂಬುದನ್ನು ಇಲ್ಲಿ ಹೇಳದೆ ಇರಲಾರೆ. ಹಡಗುಗಳನ್ನೇರಿ ಪಶ್ಚಿಮಕ್ಕೆ ಹೊರಟು ಲೋಕವನ್ನೆಲ್ಲ ಸುತ್ತಿದ ಪ್ರಾಣಿ ಅದು. ಹಡಗಿನ ಇಲಿ ಎಂಬುದು ಅದರ ಇನ್ನೊಂದು ಹೆಸರು. ವೀಸಾ, ಇಕಾಮಾಗಳ ಕಾಲಕ್ಕೆ ಸಾವಿರಾರು ವರ್ಷ ಮೊದಲೇ ವಲಸೆ ಹೋದ ನಮ್ಮ ಊರಿನವರೆಂದರೆ ಅವರೇ. ತೈಲಪೂರ್ವ ಕಾಲದ ಕತಾರಿ ಮನೆಗಳಲ್ಲೂ ಅವುಗಳಿಗೆ ಇಂಬಿತ್ತು: ಪೂರ್ವ ಆಫ್ರಿಕಾದ ಕಾಂಡ್ಲಾ ಮರದ ತೊಲೆಗಳನ್ನು ಹಾಸಿ, ಅದರ ಮೇಲೆ ಸೀಳಿದ ಬಿದಿರು, ಮೇಲೆ ಚಾಪೆ, ಮೇಲೆ ಮಣ್ಣು ಮೆತ್ತುತ್ತಿದ್ದರು. ಈ ತೊಲೆಗಳನ್ನು ಇಲ್ಲಿಯವರು ದನ್ಶಲ್ ಎನ್ನುತ್ತಾರೆ. ಸೂಕ್ ವಾಕಿಫ್‌ನಲ್ಲಿ ತಲೆಯೆತ್ತಿದರೆ ಇಂದಿಗೂ ಆ ಬಗೆಯ ಚಾವಣಿ ಕಾಣುತ್ತದೆ.

ನೀರು ಮೊದಲು, ಅನ್ನ ಆಮೇಲೆ

ಇಲಿ ಬರುವುದು ಆಹಾರಕ್ಕೆ ಎಂದು ನಾವೆಲ್ಲ ತಿಳಿದಿರುತ್ತೇವೆ. ಊರಿನಲ್ಲಿ ಅದು ನಿಜ. ಆದರೆ ಮರುಭೂಮಿಯಲ್ಲಿ ಅದಕ್ಕಿಂತ ಮೊದಲು ಬೇಕಾದುದು ನೀರು. ಒಂದು ಇಲಿಗೆ ದಿನಕ್ಕೆ ಇಪ್ಪತ್ತು ಮೂವತ್ತು ಮಿಲಿಲೀಟರ್ ಸಾಕು. ಆದರೆ ಜುಲೈ ತಿಂಗಳ 45 ಡಿಗ್ರಿ ಸೆಖೆಯಲ್ಲಿ ಅಷ್ಟೂ ಹೊರಗೆ ಸಿಗದು. ಅದೇ ಹೊತ್ತಿಗೆ, ಸಮುದ್ರದ ತೇವ ತುಂಬಿದ ಗಾಳಿಯನ್ನು ತಂಪುಮಾಡುವ ಪ್ರತಿಯೊಂದು ಏಸಿಯೂ ದಿನಕ್ಕೆ ಹಲವು ಲೀಟರ್ ನೀರನ್ನು ಇಳಿಸುತ್ತಿರುತ್ತದೆ. ಡಕ್ಟ್ ಏಸಿಯಾದರೆ ಅದರ ನೀರು ಬೀಳುವ ತಟ್ಟೆ ಇರುವುದು ಫಾಲ್ಸ್ ಸೀಲಿಂಗಿನ ಮೇಲೆಯೇ. ಹೊರಗೆ ಬೆಂಕಿ, ಒಳಗೆ ಕತ್ತಲೆ, ತಂಪು, ತಟ್ಟೆಯ ತುಂಬ ನೀರು, ಸುತ್ತ ಬೆಚ್ಚಗೆ ಸುತ್ತಿಕೊಳ್ಳಲು ಡಕ್ಟಿನ ಗಾಜುನಾರಿನ ಹೊದಿಕೆ. ಇಲಿಗೆ ಇದಕ್ಕಿಂತ ಒಳ್ಳೆಯ ಅಟ್ಟವನ್ನು ಮಲೆನಾಡೂ ಕೊಟ್ಟಿರಲಿಲ್ಲ.

ಆದ್ದರಿಂದ ಇಲ್ಲಿ ತಪಾಸಣೆ ಏಸಿಯಿಂದ ಆರಂಭವಾಗಬೇಕು. ನೀರು ಹೋಗುವ ಕೊಳವೆಯಲ್ಲಿ ಪಾಚಿ ಕಟ್ಟಿದೆಯೇ, ತಟ್ಟೆಯಲ್ಲಿ ನೀರು ನಿಂತಿದೆಯೇ, ಹೊರಗೋಡೆಯಲ್ಲಿ ಆ ಕೊಳವೆ ಎಲ್ಲಿ ತೊಟ್ಟಿಕ್ಕುತ್ತದೆ? ಅಂಗಳದ ಮೂಲೆಯಲ್ಲಿ ಅದು ಸದಾ ಒಂದು ಪುಟ್ಟ ಹೊಂಡ ಮಾಡಿದ್ದರೆ ಸುತ್ತಲಿನ ನಾಲ್ಕು ಮನೆಗಳ ಇಲಿಗಳಿಗೂ ಅದೇ ಕೆರೆ. ಕೊಳವೆಯನ್ನು ನೇರ ಚರಂಡಿಗೆ ಜೋಡಿಸಿ, ಅದರ ಬಾಯಿಗೆ ಜಾಲರಿ ಹಾಕಿಸುವುದು ಸಣ್ಣ ಕೆಲಸ. ತಾರಸಿಯ ಟ್ಯಾಂಕಿನ ಮುಚ್ಚಳ, ತೇಲುಬುರುಡೆಯ ಸೋರಿಕೆ, ತೋಟದ ಡ್ರಿಪ್ ಪೈಪು ಇವನ್ನೂ ಅದೇ ಸುತ್ತಿನಲ್ಲಿ ನೋಡಬಹುದು.

ಆಹಾರದ ವಿಷಯದಲ್ಲಿ ಹೊಸದಾಗಿ ಹೇಳಬೇಕಾದುದು ಕಡಿಮೆ. ಊರಿನಿಂದ ತಂದ ಅಕ್ಕಿ, ರಾಗಿಹಿಟ್ಟು, ಕೊಬ್ಬರಿ, ಹಪ್ಪಳ ಸಂಡಿಗೆಗಳನ್ನು ಪ್ಲಾಸ್ಟಿಕ್ ಡಬ್ಬಿಗಿಂತ ಸ್ಟೀಲ್ ಡಬ್ಬಿಯಲ್ಲಿಡುವುದು, ಕಸವನ್ನು ರಾತ್ರಿ ಬಾಗಿಲ ಹೊರಗಿಡದೆ ಬೀದಿಯ ತೊಟ್ಟಿಗೆ ಹಾಕುವುದು. ಬೀದಿ ಬೆಕ್ಕುಗಳಿಗೆ ಅನ್ನ ಹಾಕುವ ಒಳ್ಳೆಯ ಮನಸ್ಸಿನವರು ಉಳಿದುದನ್ನು ಅರ್ಧ ಗಂಟೆಯಲ್ಲಿ ತೆಗೆದುಬಿಡಲಿ. ಬೆಕ್ಕಿನ ತಟ್ಟೆಯಲ್ಲಿ ಇಲಿ ಉಣ್ಣುವುದನ್ನು ನಾನು ಹಲವು ಬಾರಿ ನೋಡಿದ್ದೇನೆ. ಹೊಟ್ಟೆ ತುಂಬಿದ ಬೆಕ್ಕು ಪಕ್ಕದಲ್ಲೇ ಮಲಗಿರುತ್ತದೆ.

ಅಂಗಳದಲ್ಲಿ ಖರ್ಜೂರದ ಮರವಿದ್ದರೆ ಅದಕ್ಕೆ ಬೇರೆಯೇ ಗಮನ ಬೇಕು. ಒಣಗಿ ಜೋತುಬಿದ್ದ ಗರಿಗಳ ಒಳಗೆ ಕಪ್ಪು ಇಲಿ ಗೂಡು ಕಟ್ಟುತ್ತದೆ. ಬೇಸಿಗೆಯ ನಡುವೆ ಹಣ್ಣು ಮಾಗುವಾಗ ಊಟವೂ ಅಲ್ಲೇ. ಒಣಗರಿ ಕಡಿಸುವುದು, ಉದುರಿದ ಹಣ್ಣು ಹೆಕ್ಕಿಸುವುದು, ಗೋಡೆ ಮತ್ತು ತಾರಸಿಯಿಂದ ಗರಿಯ ತುದಿಗೆ ಕನಿಷ್ಠ ಒಂದು ಮೀಟರ್, ಸಾಧ್ಯವಾದರೆ ಅದಕ್ಕಿಂತ ಹೆಚ್ಚು ಅಂತರ ಉಳಿಸುವುದು. ನಮ್ಮ ಕರಾವಳಿಯಲ್ಲಿ ತೆಂಗಿನ ಮರದ ಕಾಂಡಕ್ಕೆ ಆಳೆತ್ತರದ ಮೇಲೆ ತಗಡಿನ ಪಟ್ಟಿ ಸುತ್ತುವುದನ್ನು ಕಂಡವರಿಗೆ ಇದರ ತತ್ತ್ವ ಗೊತ್ತು: ಉಗುರು ಊರಲು ಎಡೆಯಿಲ್ಲದ, ನುಣುಪಾದ, ಸಾಕಷ್ಟು ಅಗಲದ ದಾರಿಯನ್ನು ಇಲಿ ದಾಟಲಾರದು. ಖರ್ಜೂರದ ಒರಟು ಕಾಂಡಕ್ಕೆ ತಗಡು ಸರಿಯಾಗಿ ಕೂರುವುದಿಲ್ಲ. ಆದರೆ ಮನೆಯ ಹೊರಗೋಡೆಯಲ್ಲಿ ತಾರಸಿಗೇರುವ ಪೈಪುಗಳಿಗೆ ಅದೇ ಉಪಾಯವನ್ನು ಬಳಸಬಹುದು. ಬಂದರಿನಲ್ಲಿ ಹಡಗಿನ ಹಗ್ಗಕ್ಕೆ ತೊಡಿಸುವ ದುಂಡನೆಯ ತಗಡಿನ ತಡೆಯೂ ಇದೇ ಜಾತಿಯದು.

ವಿಷವೇಕೆ ಬೇಡ

ಇನ್ನು ವಿಷದ ಮಾತು. ಅಂಗಡಿಯಲ್ಲಿ ಸಿಗುವ ನೀಲಿ, ಕೆಂಪು ಬಿಲ್ಲೆಗಳಲ್ಲಿ ಇರುವುದು ಸಾಮಾನ್ಯವಾಗಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಔಷಧ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನಶಾಸ್ತ್ರಜ್ಞರ ತಂಡ, ಕೊಳೆತ ಮೇವು ತಿಂದು ರಕ್ತಸ್ರಾವದಿಂದ ಸಾಯುತ್ತಿದ್ದ ಹಸುಗಳನ್ನು ಅಧ್ಯಯನ ಮಾಡುತ್ತ ಈ ಬಗೆಯ ವಸ್ತುವನ್ನು ಕಂಡುಹಿಡಿಯಿತು. 1948ರಲ್ಲಿ ವಾರ್ಫರಿನ್ ಎಂಬ ಹೆಸರಿನಲ್ಲಿ ಅದು ಇಲಿಪಾಷಾಣವಾಗಿ ಬಂತು. ನಮ್ಮಲ್ಲಿ ಹೃದಯದ ಕಾಯಿಲೆಯವರು ನುಂಗುವ ವಾರ್ಫರಿನ್ ಗುಳಿಗೆಯೂ ಅದೇ. ಈಗಿನ ಬಿಲ್ಲೆಗಳಲ್ಲಿರುವ ಬ್ರೋಡಿಫಾಕಮ್, ಬ್ರೊಮಾಡಿಯೊಲೋನ್ ಅದಕ್ಕಿಂತ ಬಹಳ ತೀಕ್ಷ್ಣ. ತಿಂದ ಇಲಿ ತಕ್ಷಣ ಸಾಯುವುದಿಲ್ಲ. ಮೂರರಿಂದ ಏಳು ದಿನ ಬೇಕು. ಆ ದಿನಗಳಲ್ಲಿ ಅದು ಗೂಡಿಗೆ ಮರಳುತ್ತದೆ, ಅಂದರೆ ನಿಮ್ಮ ಸೀಲಿಂಗಿನ ಮೇಲಕ್ಕೆ. ವಿಷ ತಿಂದ ಇಲಿ ನೀರು ಹುಡುಕಿ ಮನೆಯಿಂದ ಹೊರಗೆ ಹೋಗಿ ಸಾಯುತ್ತದೆಂಬ ಮಾತು ಎಲ್ಲೆಡೆ ಕೇಳಿಬರುತ್ತದೆ, ಅದನ್ನು ನಂಬಬೇಡಿ. ನೀರು ಇರುವುದೇ ಒಳಗೆ ಎಂಬುದನ್ನು ಮೇಲೆಯೇ ಹೇಳಿದೆ. ಸತ್ತ ಇಲಿಯ ನಾತ ಎರಡು ವಾರವೂ ಉಳಿದೀತು, ಹೆಣ ತೆಗೆಯಲು ಜಿಪ್ಸಂ ಹಲಗೆ ಕೊಯ್ಯಬೇಕಾದೀತು. ಬೆಟ್ಟ ಅಗೆದು ಇಲಿ ಹಿಡಿದರು ಎಂಬ ಗಾದೆಯನ್ನು ನೆನಪಿಸುವ ಕೆಲಸ ಅದು. ಹೊರಗೆ ಸತ್ತರೂ ಸಮಸ್ಯೆಯೇ. ವಿಷದ ಇಲಿಯನ್ನು ತಿಂದ ಬೆಕ್ಕು, ಗೂಬೆಗಳೂ ಸಾಯುತ್ತವೆ.

ಇದೆಲ್ಲ ಕಿರಿಕಿರಿಯ ಮಟ್ಟದ್ದು. ಜೀವಕ್ಕೆ ಎರವಾಗುವುದು ಬೇರೆಯೇ. ಅಲ್ಯೂಮಿನಿಯಂ ಫಾಸ್ಫೈಡ್ ಎಂಬ ಗುಳಿಗೆಯನ್ನು ನಮ್ಮ ರೈತರು ಧಾನ್ಯದ ಗೋದಾಮಿನ ಗುಳಿಗೆ ಎಂದು ಬಲ್ಲರು. ಗಾಳಿಯಲ್ಲಿನ ತೇವ ತಾಗಿದೊಡನೆ ಅದು ಫಾಸ್ಫೀನ್ ಎಂಬ ಅನಿಲವನ್ನು ಬಿಡುತ್ತದೆ. 3 ಗ್ರಾಂ ತೂಕದ ಒಂದು ಗುಳಿಗೆಯಿಂದ ಸುಮಾರು 1 ಗ್ರಾಂ ಅನಿಲ. ಆ ಅನಿಲಕ್ಕೆ ಪ್ರತ್ಯೌಷಧವಿಲ್ಲ. ಬೆಳ್ಳುಳ್ಳಿಯದೋ ಕೊಳೆತ ಮೀನಿನದೋ ವಾಸನೆ ಬರಬಹುದು, ಬಾರದೆಯೂ ಇರಬಹುದು. ಗೋಡೆಯ ಸಣ್ಣ ಬಿರುಕು, ಪೈಪಿನ ಸುತ್ತಲಿನ ಸಂದು, ಸ್ವಿಚ್ ಬೋರ್ಡಿನ ಹಿಂದಿನ ತೂತು ಇಷ್ಟೇ ಸಾಕು, ಪಕ್ಕದ ಮನೆಗೂ ಅದು ದಾಟುತ್ತದೆ. ಮುಚ್ಚಿದ ಗೋದಾಮು, ಹಡಗುಗಳಿಗಾಗಿ ತಯಾರಾದ, ತರಬೇತಿ ಪಡೆದವರು ಮಾತ್ರ ಬಳಸಬೇಕಾದ ವಸ್ತು ಅದು. ವಾಸದ ಮನೆಯಲ್ಲಿ ಅದಕ್ಕೆ ಜಾಗವೇ ಇಲ್ಲ.

ಕತಾರಿನ ಮನೆಗಳಲ್ಲಿ ಈ ಅಪಾಯ ಇಮ್ಮಡಿಯಾಗಲು ಕಾರಣ ಏಸಿಯ ವ್ಯವಸ್ಥೆ. ಅನೇಕ ಕಟ್ಟಡಗಳಲ್ಲಿ ಕೋಣೆಯ ಗಾಳಿ ಏಸಿಗೆ ಮರಳುವುದಕ್ಕೆ ಪ್ರತ್ಯೇಕ ಕೊಳವೆ ಇರುವುದಿಲ್ಲ. ಸೀಲಿಂಗಿನ ಜಾಲರಿಯ ಮೂಲಕ ಮೇಲಿನ ಖಾಲಿ ಜಾಗಕ್ಕೆ ಹೋಗಿ, ಅಲ್ಲಿಂದ ಏಸಿ ಅದನ್ನು ಎಳೆದುಕೊಂಡು, ತಂಪುಮಾಡಿ ಎಲ್ಲ ಕೋಣೆಗಳಿಗೂ ಹಂಚುತ್ತದೆ. ಅಂದರೆ ಅಟ್ಟದಲ್ಲಿ ನೀವು ಏನು ಇಡುತ್ತೀರೋ ಅದನ್ನೇ ಮನೆಯವರೆಲ್ಲ ಉಸಿರಾಡುತ್ತಾರೆ. ಹಂಚಿನ ಮನೆಯಲ್ಲಾದರೆ ಸಂದುಗಳ ಮೂಲಕ ಗಾಳಿ ಹೊರಗೆ ಹೋಗುತ್ತಿತ್ತು. ಇಲ್ಲಿ ಕಿಟಕಿ ಮುಚ್ಚಿ, ಬಾಗಿಲು ಮುಚ್ಚಿ, ಒಂದೇ ಗಾಳಿ ಸುತ್ತುತ್ತಿರುತ್ತದೆ. ಆಗಸ್ಟಿನ ತೇವದಲ್ಲಿ ಗುಳಿಗೆ ಕರಗುವುದೂ ಬೇಗ.

ಇದು ಊಹೆಯ ಭಯವಲ್ಲ. 2019ರ ಅಕ್ಟೋಬರಿನಲ್ಲಿ ದೋಹಾದಲ್ಲಿ ಭಾರತೀಯ ಕುಟುಂಬವೊಂದರ ಇಬ್ಬರು ಎಳೆಯ ಮಕ್ಕಳು ತೀರಿಕೊಂಡಾಗ, ನೆರೆಮನೆಯಲ್ಲಿ ಬಳಸಿದ ಕೀಟನಾಶಕದ ಬಗ್ಗೆ ಪತ್ರಿಕೆಗಳು ಶಂಕೆಯನ್ನು ವರದಿ ಮಾಡಿದವು. 2024ರ ಆಗಸ್ಟಿನಲ್ಲಿ ಬೆಂಗಳೂರಿನ ಜ್ಞಾನಭಾರತಿ ಬಳಿಯ ವಿದ್ಯಾರ್ಥಿನಿಲಯವೊಂದರಲ್ಲಿ ಇಲಿಗಾಗಿ ಹಾಕಿದ ರಾಸಾಯನಿಕದಿಂದ ಉಸಿರುಗಟ್ಟಿ ಹತ್ತಾರು ವಿದ್ಯಾರ್ಥಿಗಳು ಆಸ್ಪತ್ರೆ ಸೇರಿದರು. ಅದೇ ವರ್ಷದ ನವೆಂಬರಿನಲ್ಲಿ ಚೆನ್ನೈ ಹೊರವಲಯದ ಕುಂದ್ರತ್ತೂರಿನಲ್ಲಿ, ಏಸಿ ಹಾಕಿದ ಕೋಣೆಯಲ್ಲಿ ಮಲಗಿದ್ದ ಕುಟುಂಬದ ಇಬ್ಬರು ಮಕ್ಕಳು ಮನೆಯಲ್ಲಿಟ್ಟಿದ್ದ ಇಲಿಪಾಷಾಣದ ಗಾಳಿಯಿಂದ ಸತ್ತರೆಂಬ ವರದಿ ನಮ್ಮೆಲ್ಲರ ವಾಟ್ಸಾಪಿಗೂ ಬಂದಿತ್ತು. ಇಲಿ ಹೆಚ್ಚಾಯಿತೆಂದು ಮನೆಗೆ ಬೆಂಕಿ ಇಟ್ಟರು ಎಂಬ ಹಳೆಯ ಮಾತನ್ನು ಇಂಥ ಹೊತ್ತಿನಲ್ಲಿ ಆಡಲೂ ಬಾಯಿ ಬರುವುದಿಲ್ಲ.

ಆದ್ದರಿಂದ ಮೂರು ಮಾತನ್ನು ಖಂಡಿತವಾಗಿ ಹೇಳುತ್ತೇನೆ. ಊರಿನಿಂದ ಬರುವವರ ಕೈಯಲ್ಲಿ ಇಲಿಗುಳಿಗೆ ತರಿಸಬೇಡಿ. ವಿಮಾನದಲ್ಲಿ ಅದನ್ನು ಸಾಗಿಸುವುದೇ ನಿಷಿದ್ಧ. ಹೆಸರು, ಪರವಾನಗಿ ತೋರಿಸದೆ ಕಡಿಮೆ ದುಡ್ಡಿಗೆ ಪುಡಿಯನ್ನೋ ಗುಳಿಗೆಯನ್ನೋ ಇಟ್ಟುಹೋಗುವವರನ್ನು ಮನೆಯೊಳಗೆ ಬಿಡಬೇಡಿ. ಪಕ್ಕದ ಫ್ಲ್ಯಾಟಿನಲ್ಲಿ ಸಿಂಪಡಣೆ ನಡೆದಿದೆ ಎಂದು ತಿಳಿದರೆ ಏನು ಬಳಸಿದರೆಂದು ಕೇಳಲು ಸಂಕೋಚ ಬೇಡ. ಮನೆಯಲ್ಲಿ ಏಕಕಾಲಕ್ಕೆ ಹಲವರಿಗೆ ವಾಂತಿ, ತಲೆಸುತ್ತು, ಎದೆಬಿಗಿತ ಕಂಡರೆ ಊಟದ ದೋಷವೆಂದು ಕಾಯದೆ ಎಲ್ಲರೂ ಹೊರಗೆ ಬಂದು 999ಕ್ಕೆ ಕರೆಮಾಡಿ.

ನುಸಿಗುಳಿಗೆಯ ಬಗ್ಗೆಯೂ ಒಂದು ಮಾತು. ಸೀಲಿಂಗಿನ ಮೇಲೆ ಹಿಡಿಹಿಡಿ ನ್ಯಾಫ್ತಲೀನ್ ಗುಂಡುಗಳನ್ನು ಎಸೆದರೆ ಇಲಿ ಹೋಗುತ್ತದೆಂಬ ನಂಬಿಕೆ ಇದೆ. ಇಲಿ ಹೋಗುವುದಿಲ್ಲ. ಜಿ6ಪಿಡಿ ಕಿಣ್ವದ ಕೊರತೆಯಿರುವ ಶಿಶುಗಳಿಗೆ ಮಾತ್ರ ಅದರ ಆವಿ ಕೆಂಪು ರಕ್ತಕಣಗಳನ್ನೇ ಒಡೆಯಬಹುದು. ಭಾರತದ ಕೆಲವು ಸಮುದಾಯಗಳಲ್ಲೂ ಕೊಲ್ಲಿಯ ದೇಶಗಳಲ್ಲೂ ಆ ಕೊರತೆ ಅಪರೂಪವಲ್ಲ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಶ್ರವಣಾತೀತ ಧ್ವನಿಯ ಯಂತ್ರಗಳಿಂದ ಕೆಡುಕಿಲ್ಲ, ಉಪಯೋಗವೂ ಇಲ್ಲ. 2001ರಷ್ಟು ಹಿಂದೆಯೇ ಅಮೆರಿಕದ ವ್ಯಾಪಾರ ಆಯೋಗ ಅವುಗಳ ತಯಾರಕರು, ಮಾರಾಟಗಾರರಿಗೆ ಆಧಾರವಿಲ್ಲದ ಜಾಹೀರಾತಿನ ಬಗ್ಗೆ ಎಚ್ಚರಿಕೆಯ ಪತ್ರ ಬರೆದಿತ್ತು.

ತೂತು ಹುಡುಕುವುದು, ಮುಚ್ಚುವುದು

1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಮನೆಯ ಮಾಡಿನಿಂದ ಇಲಿ ಸತ್ತು ಬೀಳುವುದೇ ರೋಗದ ಮೊದಲ ಸೂಚನೆಯಾಗಿತ್ತು. ಇಲಿ ಬಿದ್ದಿತೆಂದರೆ ಜನ ಮನೆ ಬಿಟ್ಟು ಊರ ಹೊರಗಿನ ಗುಡಿಸಲಿಗೆ ಹೋಗುತ್ತಿದ್ದರು. ಆ ನೆನಪಿನಲ್ಲೇ ಬೆಳೆದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಲ್ಲಿ ರಸ್ತೆ ಅಗಲವಾಯಿತು, ಮನೆಗಳ ಹಿಂದೆ ಕಸ ಸಾಗಿಸಲು ಓಣಿ ಬಂತು, ಗಾಳಿ ಬೆಳಕಿಗೆ ಜಾಗ ಸಿಕ್ಕಿತು. ಇಲಿಯನ್ನು ಗೆಲ್ಲುವುದು ಕಟ್ಟಡದ ಕೆಲಸ ಎಂಬ ತಿಳಿವಳಿಕೆ ನಮಗೆ ಹೊಸದಲ್ಲ. ಅಂದ ಹಾಗೆ, 1994ರಲ್ಲಿ ಸೂರತ್‌ನಲ್ಲಿ ಪ್ಲೇಗು ಕಾಣಿಸಿಕೊಂಡಾಗ ಕೊಲ್ಲಿಯ ಹಲವು ದೇಶಗಳು ಭಾರತದ ವಿಮಾನಗಳನ್ನೇ ನಿಲ್ಲಿಸಿದ್ದವು. ಆಗ ಇಲ್ಲಿದ್ದ ಹಿರಿಯರು ಊರಿಗೆ ಹೋಗಲಾಗದೆ ಕಳೆದ ಆ ವಾರಗಳನ್ನು ಇನ್ನೂ ನೆನೆಯುತ್ತಾರೆ.

ತೂತಿನ ಅಳತೆಯನ್ನು ನೆನಪಿಟ್ಟುಕೊಳ್ಳುವುದು ಸುಲಭ. ನಿಮ್ಮ ಕಿರುಬೆರಳು ಹೋಗುವ ಎಡೆಯಲ್ಲಿ, ಅಂದರೆ ಸುಮಾರು 12 ಮಿಲಿಮೀಟರಿನಲ್ಲಿ, ಮರಿ ಇಲಿ ನುಸುಳುತ್ತದೆ. ಪೆನ್ಸಿಲ್ ಹೋಗುವ 6 ಮಿಲಿಮೀಟರಿನಲ್ಲಿ ಸುಂಡಿಲಿ. ತಲೆ ತೂರಿದರೆ ಮೈ ತೂರಿದಂತೆಯೇ. ಹಗಲಿನಲ್ಲಿ ಸೀಲಿಂಗಿನ ತಪಾಸಣೆಯ ಕಿಂಡಿ ತೆಗೆದು, ಕೋಣೆಯ ದೀಪ ಆರಿಸಿ ನೋಡಿದರೆ ಹೊರಗಿನ ಬೆಳಕು ಒಳಬರುವ ಜಾಗ ತಾನಾಗಿ ಕಾಣುತ್ತದೆ. ಇಲಿಯ ದಾರಿಗೆ ಇನ್ನೊಂದು ಸಾಕ್ಷಿಯಿದೆ: ಅದರ ಮೈಯ ಜಿಡ್ಡು ಮತ್ತೆ ಮತ್ತೆ ಉಜ್ಜಿ ಪೈಪಿನ ಪಕ್ಕ, ಗೋಡೆಯ ಅಂಚು ಕಪ್ಪಾಗಿರುತ್ತದೆ. ಆ ಕಪ್ಪಿನ ಜಾಡು ಹಿಡಿದು ಹೋದರೆ ಬಾಗಿಲು ಸಿಗುತ್ತದೆ.

ಕತಾರಿನ ಮನೆಗಳಲ್ಲಿ ಆ ಬಾಗಿಲು ಹತ್ತಕ್ಕೆ ಆರು ಬಾರಿ ಸ್ಪ್ಲಿಟ್ ಏಸಿಯ ಪೈಪಿನ ತೂತೇ. ಇದು ಲೆಕ್ಕ ಬರೆದಿಟ್ಟ ಅಂಕಿಯಲ್ಲ, ಕೆಲಸದಲ್ಲಿ ಕಂಡ ಅಂದಾಜು. ಎರಡು ಇಂಚಿನ ಪೈಪಿಗೆ ನಾಲ್ಕು ಇಂಚಿನ ತೂತು ಕೊರೆದು, ಉಳಿದುದಕ್ಕೆ ಫೋಮ್ ತುಂಬಿಯೋ ಬಿಳಿ ಟೇಪು ಸುತ್ತಿಯೋ ಹೋಗಿರುತ್ತಾರೆ. ಬಿಸಿಲಿಗೆ ಆ ಟೇಪು ಎರಡು ಬೇಸಿಗೆಯಲ್ಲಿ ಪುಡಿಯಾಗುತ್ತದೆ. ದೊಡ್ಡ ವಿಲ್ಲಾವನ್ನು ವಿಭಾಗಿಸಿ ನಾಲ್ಕಾರು ಕುಟುಂಬಗಳಿಗೆ ಬಾಡಿಗೆಗೆ ಕೊಟ್ಟ ಮನೆಗಳಲ್ಲಂತೂ ಪ್ರತಿ ವಿಭಾಗಕ್ಕೂ ಹೊಸ ಏಸಿ, ಹೊಸ ಅಡುಗೆಮನೆ, ಹೊಸ ಪೈಪು. ಹಳೆಯ ತೂತುಗಳು ಹಾಗೆಯೇ ಬಾಯಿ ಬಿಟ್ಟಿರುತ್ತವೆ. ನಡುವಿನ ಗೋಡೆ ಹೆಚ್ಚಾಗಿ ಫಾಲ್ಸ್ ಸೀಲಿಂಗಿನ ಮಟ್ಟಕ್ಕೇ ನಿಂತು, ಮೇಲಿನ ಅಟ್ಟ ಎಲ್ಲರಿಗೂ ಒಂದೇ ಆಗಿರುತ್ತದೆ. ಅಂಥ ಕಡೆ ಒಬ್ಬರೇ ತಮ್ಮ ಭಾಗವನ್ನು ಮುಚ್ಚಿ ಪ್ರಯೋಜನವಿಲ್ಲ. ನಾಲ್ಕು ಮನೆಯವರೂ ಕೂತು ಮಾತಾಡಬೇಕು. ಮಲಯಾಳಿ, ಫಿಲಿಪಿನೊ, ಈಜಿಪ್ಟಿನ ನೆರೆಯವರನ್ನು ಒಂದೇ ಚಹಾಕ್ಕೆ ಕೂರಿಸುವ ಶಕ್ತಿ ಇಲಿಗಿದೆ.

ಉಳಿದ ದಾರಿಗಳು: ಸ್ನಾನದ ಮನೆಯ ಎಕ್ಸಾಸ್ಟ್ ಫ್ಯಾನಿನ ಕೊಳವೆ, ಅಡುಗೆಮನೆಯ ಚಿಮಣಿಯ ಹೊರಬಾಯಿ, ಮಹಡಿಯಿಂದ ಮಹಡಿಗೆ ಪೈಪು ಹೋಗುವ ಶಾಫ್ಟ್, ಕಿಟಕಿ ಏಸಿ ತೆಗೆದ ಮೇಲೆ ಪ್ಲೈವುಡ್ ಬಡಿದ ಜಾಗ, ತಾರಸಿಗೆ ಹೋಗುವ ಬಾಗಿಲಿನ ಕೆಳಗಿನ ಸಂದು. ಕೊನೆಯದನ್ನು ಬಹಳ ಮಂದಿ ಮರೆಯುತ್ತಾರೆ. ಮುಂಬಾಗಿಲಿಗೆ ರಬ್ಬರ್ ಪಟ್ಟಿ ಹಾಕಿಸಿದವರೂ ತಾರಸಿಯ ಬಾಗಿಲಿನ ಕೆಳಗೆ ಒಂದು ಇಂಚು ಹಾಗೇ ಬಿಟ್ಟಿರುತ್ತಾರೆ. ಅಲ್ಲಿ ತಗಡಿನ ಪಟ್ಟಿ ಹೊಡೆಸಬೇಕು.

ಮುಚ್ಚುವ ಸಾಮಗ್ರಿಯಲ್ಲಿಯೇ ಹೆಚ್ಚಿನ ಕೆಲಸ ಕೆಡುವುದು. ಇಲಿಯ ಬಾಚಿಹಲ್ಲು ವರ್ಷಕ್ಕೆ ಹತ್ತು ಸೆಂಟಿಮೀಟರಿಗಿಂತ ಹೆಚ್ಚು ಬೆಳೆಯುತ್ತದೆ. ಸವೆಸಲು ಅದು ಕಡಿಯುತ್ತಲೇ ಇರಬೇಕು. ಫೋಮ್, ಸಿಲಿಕೋನ್, ಮರ, ಪ್ಲಾಸ್ಟಿಕ್, ಜಿಪ್ಸಂ ಇವೆಲ್ಲ ಅದಕ್ಕೆ ಒಂದು ರಾತ್ರಿಯ ಕೆಲಸ. ತಾಳುವುದು ಸಿಮೆಂಟು, ಲೋಹ, ಗಾಜು. ಸಣ್ಣ ತೂತಿಗೆ ತುಕ್ಕು ಹಿಡಿಯದ ಸ್ಟೀಲ್ ನಾರನ್ನು ಬಿಗಿಯಾಗಿ ತುರುಕಿ ಅದರ ಮೇಲೆ ಸಿಮೆಂಟು ಮೆತ್ತುವುದು. ಪಾತ್ರೆ ಉಜ್ಜುವ ಸಾಧಾರಣ ಕಬ್ಬಿಣದ ನಾರು ಇಲ್ಲಿನ ತೇವಕ್ಕೆ ತುಕ್ಕು ಹಿಡಿದು ಉದುರುತ್ತದೆ. ಗಾಳಿಯಾಡಬೇಕಾದ ಕಡೆ 6 ಮಿಲಿಮೀಟರ್ ಕಣ್ಣಿನ, ಬೆಸುಗೆ ಹಾಕಿದ ಗ್ಯಾಲ್ವನೈಸ್ಡ್ ಜಾಲರಿಯನ್ನು ಸ್ಕ್ರೂ ಹಾಕಿ ಬಿಗಿಯುವುದು. ಸೊಳ್ಳೆ ಪರದೆಯ ನೈಲಾನ್ ಜಾಲರಿ ಲೆಕ್ಕಕ್ಕಿಲ್ಲ. ಏಸಿ ಪೈಪಿನ ಸುತ್ತ ಅದರ ಕಪ್ಪು ಹೊದಿಕೆಯನ್ನು ಕೊಯ್ಯದೆ, ಎರಡು ತುಂಡಾಗಿ ಕತ್ತರಿಸಿದ ತಗಡಿನ ಬಿಲ್ಲೆಯನ್ನು ಹೊರಗಿನಿಂದ ಕೂರಿಸಿ ಅಂಚಿಗೆ ಸಿಮೆಂಟು ಕೊಟ್ಟರೆ ಮುಂದೆ ದುರಸ್ತಿಗೂ ತೊಂದರೆಯಿಲ್ಲ.

ಮುಚ್ಚುವ ಕ್ರಮವೂ ಮುಖ್ಯ. ಎಲ್ಲವನ್ನೂ ಒಂದೇ ದಿನ ಮುಚ್ಚಿದರೆ ಒಳಗಿರುವವು ಒಳಗೇ ಸಾಯುತ್ತವೆ, ಅಥವಾ ಹೊರದಾರಿ ಹುಡುಕುತ್ತ ತಂತಿ ಕಡಿಯುತ್ತವೆ; ಕಡಿದ ತಂತಿಯಿಂದ ಬೆಂಕಿ ಹತ್ತುವ ಭಯ ನಿಜವಾದುದು. ಹೆಚ್ಚು ಬಳಕೆಯ ಒಂದು ತೂತನ್ನು ಬಿಟ್ಟು ಉಳಿದವನ್ನು ಮುಚ್ಚಿ. ಒಳಗೆ ಐದಾರಾದರೂ ಕತ್ತರಿ ಬೋನುಗಳನ್ನು, ಅಂದರೆ ಸ್ಪ್ರಿಂಗಿನವನ್ನು, ಗೋಡೆಗೆ ಅಡ್ಡಲಾಗಿ, ತಿಂಡಿಯ ತುದಿ ಗೋಡೆಯ ಕಡೆ ಬರುವಂತೆ ಇಡಿ. ಎಳೆದೊಯ್ಯದಂತೆ ತಂತಿಯಿಂದ ಕಟ್ಟಿ. ಹೊಸ ವಸ್ತುವನ್ನು ಕಂಡರೆ ಇಲಿ ದಿನಗಟ್ಟಲೆ ಹತ್ತಿರ ಬಾರದು. ಆದ್ದರಿಂದ ಮೊದಲ ಮೂರ್ನಾಲ್ಕು ದಿನ ಬೋನನ್ನು ಹೂಡದೆ ತಿಂಡಿ ಮಾತ್ರ ಇಡುವುದು ಜಾಣತನ. ಕಡಲೆಕಾಯಿ ಬೆಣ್ಣೆ, ಖರ್ಜೂರ, ಸುಟ್ಟ ಕೊಬ್ಬರಿ ಎಲ್ಲವೂ ನಡೆಯುತ್ತದೆ. ಸೀಲಿಂಗಿನಲ್ಲಿ ಸದ್ದು ನಿಂತು ಒಂದು ವಾರವಾದ ಮೇಲೆ ಕೊನೆಯ ತೂತನ್ನು ಮುಚ್ಚಿ. ಅದರ ಮುಂದೆ ಹಿಂದಿನ ಎರಡು ರಾತ್ರಿ ಮೈದಾಹಿಟ್ಟು ಉದುರಿಸಿಟ್ಟು ಹೆಜ್ಜೆ ಮೂಡಿದೆಯೇ ಎಂದು ನೋಡಿಕೊಳ್ಳುವುದು ನನ್ನ ರೂಢಿ.

ಗಣಪತಿಯ ವಾಹನವನ್ನು ಕೊಲ್ಲಲು ಮನಸ್ಸೊಪ್ಪದ ಮನೆಗಳು ನಮ್ಮಲ್ಲಿ ಹಲವು. ಅವರಿಗೆ ಹೇಳುವುದಿಷ್ಟೆ: ಬೋನಿನಲ್ಲಿ ಜೀವಂತ ಹಿಡಿದು ಪಕ್ಕದ ಬೀದಿಯಲ್ಲಿ ಬಿಟ್ಟರೆ ಅದು ಮರಳಿ ಬರುತ್ತದೆ, ಅಥವಾ ಇನ್ನೊಬ್ಬರ ಅಟ್ಟ ಸೇರುತ್ತದೆ. ತೂತು ಬೇಗ ಮುಚ್ಚುವುದೇ ಅಹಿಂಸೆಗೆ ಹತ್ತಿರದ ದಾರಿ. ಇಲಿಯ ಬಸಿರು 21ರಿಂದ 23 ದಿನ, ಒಂದು ಸೂಲಿಗೆ ಆರೆಂಟು ಮರಿ. ತಡಮಾಡಿದಷ್ಟೂ ಕೊಲ್ಲಬೇಕಾದ ಸಂಖ್ಯೆ ಹೆಚ್ಚು. ಅಂಟಿನ ಹಲಗೆಯನ್ನು ಮಾತ್ರ ಯಾರೂ ಬಳಸಬಾರದು. ದಿನಗಟ್ಟಲೆ ನರಳುವ ಪ್ರಾಣಿಯನ್ನು ಸೀಲಿಂಗಿನ ಮೇಲೆ ಕೇಳುತ್ತ ಮಕ್ಕಳು ಮಲಗಬೇಕಾಗುತ್ತದೆ.

ಮಾಲೀಕರು, ಮುನಿಸಿಪಾಲಿಟಿ, ರಜೆ

ಬಾಡಿಗೆ ಮನೆಯಲ್ಲಿ ಗೋಡೆಯ ತೂತು ಮುಚ್ಚುವವರು ಯಾರು? ಕತಾರಿನ 2008ರ 4ನೆಯ ಸಂಖ್ಯೆಯ ಬಾಡಿಗೆ ಕಾನೂನಿನಂತೆ ಮನೆಯನ್ನು ವಾಸಯೋಗ್ಯವಾಗಿ ಕೊಡುವುದು, ಬೇರೆ ಒಪ್ಪಂದವಿಲ್ಲದಿದ್ದರೆ ದುರಸ್ತಿ ಮಾಡಿಸುವುದು ಮಾಲೀಕರ ಹೊಣೆ. ಫೋನಿನಲ್ಲಿ ಹೇಳಿ ಬಿಡದೆ, ತೂತಿನ, ಹಿಕ್ಕೆಯ, ಕಡಿದ ತಂತಿಯ ಫೋಟೋಗಳನ್ನು ದಿನಾಂಕದೊಡನೆ ಬರಹದಲ್ಲಿ ಕಳಿಸಿ. ತಂತಿಯ ಫೋಟೋ ಕಂಡರೆ ಮಾಲೀಕರು ಬೇಗ ಅಲುಗುತ್ತಾರೆ. ಬೀದಿ, ಕಸದ ತೊಟ್ಟಿ, ಚರಂಡಿಯ ಇಲಿಗಳ ಬಗ್ಗೆ ಮುನಿಸಿಪಾಲಿಟಿ ಸಚಿವಾಲಯದ 184 ಸಂಖ್ಯೆಗೆ ಅಥವಾ ಅದರ 'ಔನ್' ಆ್ಯಪಿನಲ್ಲಿ ದೂರು ಕೊಡಬಹುದು.

ನಮ್ಮವರು ಮಕ್ಕಳ ಶಾಲೆಗೆ ರಜೆ ಬಂದೊಡನೆ ಜುಲೈ, ಆಗಸ್ಟಿನಲ್ಲಿ ಊರಿಗೆ ಹೋಗುತ್ತೇವೆ. ಮನೆ ಆರೇಳು ವಾರ ಖಾಲಿ. ಆಗ ನಡೆಯುವ ಒಂದು ಸಂಗತಿ ಊರಿನಲ್ಲಿ ನಡೆಯದು: ಸ್ನಾನದ ಮನೆಯ ನೆಲದ ಜಾಲರಿಯ ಕೆಳಗೆ, ಕಮೋಡಿನ ಬಾಗಿದ ಕೊಳವೆಯಲ್ಲಿ ಸದಾ ನಿಂತಿರುವ ನೀರು ಒಣಗಿಹೋಗುತ್ತದೆ, ಚರಂಡಿಗೂ ಮನೆಗೂ ನಡುವೆ ತಡೆಯೇ ಇಲ್ಲದಾಗುತ್ತದೆ. ಹೊರಡುವ ದಿನ ಪ್ರತಿ ನೆಲದ ಕಿಂಡಿಗೂ ಒಂದು ಬಕೆಟ್ ನೀರು ಹೊಯ್ದು, ಮೇಲೆ ಎರಡು ಚಮಚ ಅಡುಗೆ ಎಣ್ಣೆ ಹಾಕಿದರೆ ನೀರು ಆವಿಯಾಗುವುದು ನಿಧಾನವಾಗುತ್ತದೆ. ಜಾಲರಿಯ ಮೇಲೆ ಭಾರವಾದ ಹಂಚೊಂದನ್ನು ಇಡಿ, ಕಮೋಡಿನ ಮುಚ್ಚಳ ಮುಚ್ಚಿ ಅದರ ಮೇಲೂ ಭಾರವಿಡಿ. ಫ್ರಿಜ್ಜಿನ ಹಿಂದಿನ ತಟ್ಟೆಯ ನೀರು ಚೆಲ್ಲಿ. ಅಕ್ಕಿಯ ಚೀಲ ತೆರೆದಿದ್ದರೆ ಸ್ನೇಹಿತರಿಗೆ ಕೊಟ್ಟುಹೋಗಿ.

ಮರಳಿ ಬಂದಾಗ ಹಿಕ್ಕೆ ಕಂಡರೆ ಪೊರಕೆ ಹಿಡಿಯಬೇಡಿ, ವ್ಯಾಕ್ಯೂಮ್ ಕ್ಲೀನರನ್ನೂ ಬೇಡ. ಒಣ ಧೂಳು ಎದ್ದು ಮೂಗಿಗೆ ಹೋಗುತ್ತದೆ. ದಕ್ಷಿಣ ಕನ್ನಡ, ಶಿವಮೊಗ್ಗದ ಕಡೆಯವರಿಗೆ ಇಲಿಜ್ವರದ ಹೆಸರು ಹೊಸದಲ್ಲ. ಅದು ಹರಡುವುದು ಇಲಿಯ ಮೂತ್ರದಿಂದ. ಕಿಟಕಿ ತೆರೆದು ಅರ್ಧ ಗಂಟೆ ಗಾಳಿಯಾಡಲು ಬಿಟ್ಟು, ಕೈಗೆ ಗವಸು ಹಾಕಿ, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಹಿಕ್ಕೆಯ ಮೇಲೆ ಚಿಮುಕಿಸಿ ಐದು ನಿಮಿಷ ಬಿಟ್ಟು, ಕಾಗದದಿಂದ ಎತ್ತಿ ಎರಡು ಚೀಲದಲ್ಲಿ ಕಟ್ಟಿ ತೊಟ್ಟಿಗೆ ಹಾಕಿ. ಸೀಲಿಂಗಿನ ಮೇಲಿನ ಗಾಜುನಾರಿನ ಹೊದಿಕೆ ಮೂತ್ರದಿಂದ ನೆನೆದಿದ್ದರೆ ಅದನ್ನು ತೊಳೆದು ಪ್ರಯೋಜನವಿಲ್ಲ, ಆ ಭಾಗವನ್ನು ಕತ್ತರಿಸಿ ಹೊಸದನ್ನು ಹಾಕಿಸಬೇಕು. ಅಷ್ಟು ಮಾಡಿದ ಮೇಲೆ ಏಸಿಯ ಜಾಲರಿಯನ್ನು ತೊಳೆದು ಒಣಗಿಸಿ, ಆನಂತರವೇ ಏಸಿ ಹಾಕಿ.